ಸುಟ್ಟ ಗಾಯ, ಕಲೆ, ಮತ್ತೆ ದಿನದ ಲೆಕ್ಕ: ಫಿಯೋನಾ ವುಡ್ ಮಾಡಿದ ಕೆಲಸ ಏನು?

ದಾವಣಗೆರೆಲಿ ಬೆಂಕಿ ಪಕ್ಕದಲ್ಲೇ ನಿಂತು ದುಡಿಯೋ ಜನ ತುಂಬಾ ಇದ್ದಾರೆ. ಬೆಳಗಾಗೋ ಮುಂಚೆ ಬೆಣ್ಣೆ ದೋಸೆ ಕಾವಲಿ ಕಾಯಿಸೋರು, ಸಂಜೆ ಮೆಣಸಿನಕಾಯಿ ಬಾಣಲೆ ಮುಂದೆ ನಿಲ್ಲೋರು, ಮಂಡಕ್ಕಿ ಭಟ್ಟಿಲಿ ಕಾದ ಮರಳಿನ ಜೊತೆ ಅಕ್ಕಿ ಹುರಿಯೋರು, ಮನೇಲಿ ಬಚ್ಚಲ ಹಂಡೆ ಒಲೆಗೆ ಸೌದೆ ಹಾಕೋ ಹೆಣ್ಮಕ್ಕಳು. ನಾನು ಫಿಸಿಯೋಥೆರಪಿ ಮಾಡೋದ್ರಿಂದ ಸುಟ್ಟ ಗಾಯ ಮಾಗಿದ ಮೇಲೆ ಕೈ ಮಡಚೋಕಾಗ್ತಿಲ್ಲ, ಕತ್ತು ಎತ್ತೋಕಾಗ್ತಿಲ್ಲ ಅಂತ ಬರೋರನ್ನ ನೋಡ್ತೀನಿ, ಮತ್ತೆ ಬಂದೋರೆಲ್ಲ ಕೇಳೋದು ಒಂದೇ ಮಾತು, "ಈ ಕಲೆ ಹೋಗೋಕೆ ಏನ್ ಹಚ್ಬೇಕು ಹೇಳ್ರಿ?" ಇದಕ್ಕೆ ಸರಿಯಾದ ಉತ್ತರ ಕೊಡ್ಬೇಕು ಅಂದ್ರೆ ಕಲೆ ಯಾವಾಗ ಹುಟ್ಟತ್ತೆ ಅಂತ ಮೊದಲು ಹೇಳ್ಬೇಕು. ಸುಟ್ಟ ಗಾಯದ ಕಲೆ ಎಷ್ಟು ದಪ್ಪ ಆಗತ್ತೆ, ಎಷ್ಟು ಎಳ್ಕೊಳ್ಳತ್ತೆ ಅನ್ನೋದು ಬಹಳ ಮಟ್ಟಿಗೆ ನಿರ್ಧಾರ ಆಗೋದು ಗಾಯ ಮುಚ್ಕೊಳ್ಳೋಕೆ ಎಷ್ಟು ದಿನ ತಗೊಳ್ತು ಅನ್ನೋದರ ಮೇಲೆ.

ಈ ದಿನದ ಲೆಕ್ಕವನ್ನ ಹಿಡ್ಕೊಂಡು ಬದುಕೇ ಸವೆಸಿದ ಒಬ್ಬ ಡಾಕ್ಟರ್ ಇದ್ದಾರೆ, ಹೆಸರು ಫಿಯೋನಾ ವುಡ್. ಹುಟ್ಟಿದ್ದು 1958ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಲ್ಲಿ, ಅಪ್ಪ ಕಲ್ಲಿದ್ದಲು ಗಣಿ ಕೆಲಸದೋರು. ಲಂಡನ್ನಿನಲ್ಲಿ ಓದಿ 1987ರಲ್ಲಿ ಆಸ್ಟ್ರೇಲಿಯಾದ ಪರ್ತ್ ಊರಿಗೆ ಹೋಗಿ ಪ್ಲಾಸ್ಟಿಕ್ ಸರ್ಜನ್ ಆಗಿ, ಸುಟ್ಟ ಗಾಯದವರಿಗೇ ತಮ್ಮ ಕೆಲಸ ಮೀಸಲಿಟ್ರು. ಅವರ ಬಗ್ಗೆ ಹೇಳೋಕೆ ಮುಂಚೆ ಚರ್ಮ ಸುಟ್ರೆ ಒಳಗೆ ಏನಾಗತ್ತೆ ಅಂತ ಸ್ವಲ್ಪ ನೋಡ್ಕೊಂಡು ಬರೋಣ, ಯಾಕಂದ್ರೆ ಅದು ತಿಳೀದೆ ಅವರು ಮಾಡಿದ್ದು ಏನು ಅಂತ ಗೊತ್ತಾಗಲ್ಲ.

ಚರ್ಮದಲ್ಲಿ ಮುಖ್ಯವಾಗಿ ಎರಡು ಪದರ. ಮೇಲಿಂದು ಕಾಗದದಷ್ಟು ತೆಳು, ಎಪಿಡರ್ಮಿಸ್ ಅಂತಾರೆ, ಇದರಲ್ಲಿ ಚರ್ಮ ಕಟ್ಟೋ ಕೋಶಗಳೂ ಬಣ್ಣ ಕೊಡೋ ಕೋಶಗಳೂ ಇರ್ತವೆ. ಅದರ ಕೆಳಗಿಂದು ಡರ್ಮಿಸ್, ದಪ್ಪ, ಗಟ್ಟಿ, ರಕ್ತನಾಳ, ನರ, ಬೆವರು ಗ್ರಂಥಿ, ಕೂದಲ ಬುಡ ಎಲ್ಲ ಇಲ್ಲೇ. ಈ ಕೂದಲ ಬುಡದ ವಿಷಯ ನೆನಪಿಟ್ಕೊಳ್ಳಿ. ಮೇಲಿನ ಪದರ ಪೂರ್ತಿ ಸುಟ್ಟು ಹೋದ್ರೂ ಕೂದಲ ಬುಡದ ಸುತ್ತ, ಬೆವರು ಗ್ರಂಥಿ ಒಳಗೆ ಅದೇ ಜಾತಿ ಕೋಶಗಳು ಉಳ್ಕೊಂಡಿರ್ತವೆ, ಅವು ಅಲ್ಲಿಂದ ಮೇಲೆ ಬಂದು ಹರಡಿ ಹೊಸ ಹೊದಿಕೆ ಕಟ್ಟತ್ವೆ. ಹಂಗಾಗಿ ಸುಟ್ಟಿದ್ದು ಮೇಲೆ ಮೇಲೆ ಇದ್ರೆ ಒಂದು ವಾರ ಹತ್ತು ದಿನದಲ್ಲಿ ಚೆನ್ನಾಗಿ ಮಾಗತ್ತೆ. ಡರ್ಮಿಸ್ಸಿನ ಆಳಕ್ಕೆ ಇಳಿದಷ್ಟೂ ಉಳಿಯೋ ಕೂದಲ ಬುಡ ಕಮ್ಮಿ, ಮಾಗೋದು ನಿಧಾನ. ಡರ್ಮಿಸ್ ಪೂರ್ತಿ ಹೋಯ್ತು ಅಂದ್ರೆ ಗಾಯದ ಅಂಚಿನಿಂದ ಮಾತ್ರ ಚರ್ಮ ತೆವಳ್ಕೊಂಡು ಬರ್ಬೇಕು, ದೊಡ್ಡ ಗಾಯ ಆದ್ರೆ ಅದು ಆಗದ ಕೆಲಸ.

ಇನ್ನೊಂದು ಮಾತು, ಇದನ್ನ ಎಲ್ರಿಗೂ ಹೇಳ್ಬೇಕು ಅನ್ಸತ್ತೆ. ಆಳವಾಗಿ ಸುಟ್ಟ ಜಾಗ ನೋಯಲ್ಲ, ಯಾಕಂದ್ರೆ ನರದ ತುದಿನೂ ಸುಟ್ಟಿರತ್ತೆ. ಬೆಳ್ಳಗೋ ಕಂದು ಬಣ್ಣಕ್ಕೋ ತಿರುಗಿ, ಚಕ್ಕಳದ ತರ ಆಗಿ, ಮುಟ್ಟಿದ್ರೆ ಗೊತ್ತಾಗ್ತಿಲ್ಲ ಅಂದ್ರೆ ಅದು ಕೆಟ್ಟ ಸುದ್ದಿ. ಊರ ಕಡೆ "ನೋವಿಲ್ಲ ಬಿಡ್ರಿ, ಜಾಸ್ತಿ ಏನಾಗಿಲ್ಲ" ಅಂತ ಎರಡು ದಿನ ಮನೇಲೇ ಇಟ್ಕೊಂಡು ಆಮೇಲೆ ಕರ್ಕೊಂಡು ಬರ್ತಾರೆ, ಆ ಎರಡು ದಿನ ವಾಪಸ್ ಬರಲ್ಲ.

ಎಷ್ಟು ಬಿಸಿ ಸಾಕು ಅಂತೀರಾ? 60 ಡಿಗ್ರಿ ನೀರು ಸುಮಾರು 5 ಸೆಕೆಂಡಲ್ಲಿ ದೊಡ್ಡೋರ ಚರ್ಮನ ಆಳವಾಗಿ ಸುಡಬಹುದು, 70 ಡಿಗ್ರಿ ಆದ್ರೆ ಒಂದು ಸೆಕೆಂಡ್ ಸಾಕು. ಮಕ್ಕಳ ಚರ್ಮ ಇನ್ನೂ ತೆಳು. ಬಜ್ಜಿ ಎಣ್ಣೆ 180 ಡಿಗ್ರಿ ಹತ್ರ ಇರತ್ತೆ, ಮೇಲೆ ಅದು ಅಂಟ್ಕೊಂಡು ಕೂರತ್ತೆ.

1953ರಲ್ಲಿ ಬರ್ಮಿಂಗ್‌ಹ್ಯಾಮಿನ ಡಗ್ಲಸ್ ಜಾಕ್ಸನ್ ಅನ್ನೋ ಸರ್ಜನ್ ಒಂದು ವಿಷಯ ತೋರಿಸಿದ್ರು, ಇವತ್ತಿಗೂ ಎಲ್ಲಾ ಡಾಕ್ಟರಿಗೂ ಅದನ್ನೇ ಕಲಿಸ್ತಾರೆ. ಸುಟ್ಟ ಗಾಯದ ನಡುವಿನ ಭಾಗ ಆಗ್ಲೇ ಸತ್ತಿರತ್ತೆ, ಅದನ್ನ ಯಾರೂ ಉಳಿಸೋಕಾಗಲ್ಲ. ಹೊರಗಿನ ಸುತ್ತು ಬರೀ ಕೆಂಪಗಾಗಿರತ್ತೆ, ತಾನಾಗೇ ವಾಸಿ ಆಗತ್ತೆ. ಇವೆರಡರ ಮಧ್ಯೆ ಒಂದು ಭಾಗ ಇದೆ, ಅಲ್ಲಿ ಕೋಶಗಳು ಬದುಕಿವೆ ಆದ್ರೆ ರಕ್ತ ಓಡಾಟ ನಿಂತು ನಿಂತು ಹೋಗ್ತಿರತ್ತೆ. ಮುಂದಿನ ಒಂದೆರಡು ದಿನದಲ್ಲಿ ಈ ಮಧ್ಯದ ಭಾಗ ಸತ್ತೋರ ಕಡೆಗೂ ಹೋಗಬಹುದು, ಬದುಕಿದೋರ ಕಡೆಗೂ ಬರಬಹುದು. ಗಾಯ ಸುಟ್ಟ ದಿನಕ್ಕಿಂತ ಮೂರನೇ ದಿನ ಆಳವಾಗಿ ಕಾಣೋದು ಇದಕ್ಕೇ. ಸುಟ್ಟ ಮೇಲೆ ನಾವು ಮಾಡೋ ಎಲ್ಲಾ ಕೆಲಸ ಈ ಮಧ್ಯದ ಭಾಗಕ್ಕೋಸ್ಕರ.

ಅದಕ್ಕೇ 20 ನಿಮಿಷ ನೀರು. ಫಿಯೋನಾ ವುಡ್ ಎಲ್ಲಿ ಮಾತಾಡಿದ್ರೂ ಇದನ್ನ ಹೇಳದೆ ಬಿಡಲ್ಲ. ಸುಟ್ಟ ಜಾಗದ ಮೇಲೆ ತಣ್ಣಗಿನ ಹರಿಯೋ ನೀರು 20 ನಿಮಿಷ ಬಿಡ್ಬೇಕು, ತಕ್ಷಣ ಆಗ್ಲಿಲ್ಲ ಅಂದ್ರೂ ಮೂರು ಗಂಟೆ ಒಳಗೆ ಮಾಡಿದ್ರೆ ಪ್ರಯೋಜನ ಇದೆ. ನಲ್ಲಿಲಿ ನೀರು ಬರೋ ದಿನ ಅಲ್ಲ ಅಂದ್ರೆ ಡ್ರಮ್ಮಿನಿಂದ ಚೊಂಬಿನಲ್ಲಿ ಸುರೀತಾ ಇರಿ. ಐಸ್ ಇಡಬಾರದು, ಅದು ರಕ್ತನಾಳ ಬಿಗಿ ಮಾಡಿ ಆ ಮಧ್ಯದ ಭಾಗವನ್ನೇ ಸಾಯಿಸತ್ತೆ. ಉಂಗುರ, ಬಳೆ, ಕಾಲುಂಗುರ ಊದಿಕೊಳ್ಳೋ ಮುಂಚೆ ತೆಗೀರಿ. ಚಿಕ್ಕ ಮಕ್ಕಳಿಗೆ, ತುಂಬಾ ಜಾಗ ಸುಟ್ಟೋರಿಗೆ, ಸುಟ್ಟ ಕಡೆ ನೀರು ಹಾಕ್ತಾ ಉಳಿದ ಮೈಗೆ ಕಂಬಳಿ ಹೊದಿಸಿ, ಮೈ ಪೂರ್ತಿ ತಣ್ಣಗಾಗೋದೂ ಅಪಾಯ. ಆಮೇಲೆ ಒಗೆದ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ.

ಟೂತ್‌ಪೇಸ್ಟ್, ಇಂಕು, ದೋಸೆ ಹಿಟ್ಟು, ಅರಿಶಿಣ, ನಮ್ಮೂರಲ್ಲಿ ಬೆಣ್ಣೆ, ಇವು ಯಾವುದೂ ಬೇಡ. ಇವನ್ನ ಹಚ್ಚೋರು ಪ್ರೀತಿಯಿಂದಾನೇ ಹಚ್ತಾರೆ, ಅದು ನಂಗೆ ಗೊತ್ತು. ಆದ್ರೆ ಬೆಣ್ಣೆ ಶಾಖನ ಒಳಗೇ ಹಿಡಿದಿಡತ್ತೆ, ಹಿಟ್ಟು ಸೋಂಕು ತರತ್ತೆ, ಇಂಕು ಅರಿಶಿಣ ಬಣ್ಣ ಹಚ್ಚಿ ಗಾಯದ ಆಳ ಡಾಕ್ಟರಿಗೆ ಕಾಣದ ಹಂಗೆ ಮಾಡತ್ತೆ, ಆಮೇಲೆ ಅದನ್ನ ಉಜ್ಜಿ ತೆಗೆಯೋ ನೋವು ಬೇರೆ.

ಗಂಟೆ ಲೆಕ್ಕ ಇನ್ನೊಂದು ಕಡೆನೂ ಇದೆ. ಮೈಯ ಐದರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ಸುಟ್ರೆ ರಕ್ತನಾಳಗಳು ಸೋರೋಕೆ ಶುರು ಮಾಡತ್ವೆ, ಸುಡದೇ ಇರೋ ಕಡೆನೂ ಊತ ಬರತ್ತೆ, ಬಿಪಿ ಬೀಳತ್ತೆ. ಡ್ಯಾಲಸ್ಸಿನ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯ ಚಾರ್ಲ್ಸ್ ಬ್ಯಾಕ್ಸ್ಟರ್ ಕೊಟ್ಟ ಲೆಕ್ಕ ಇವತ್ತಿಗೂ ಬಳಕೆಲಿದೆ: ತೂಕದ ಪ್ರತಿ ಕೆಜಿಗೆ, ಸುಟ್ಟ ಪ್ರತಿ ಶೇಕಡಾಕ್ಕೆ 4 ಎಂಎಲ್ ಡ್ರಿಪ್, ದಿನಕ್ಕೆ. 50 ಕೆಜಿ ತೂಕದ ಹೆಣ್ಮಗಳಿಗೆ ಶೇ 30 ಸುಟ್ಟಿದ್ರೆ 6 ಲೀಟರ್. ಅದರಲ್ಲಿ ಅರ್ಧ ಮೊದಲ 8 ಗಂಟೇಲಿ ಹೋಗ್ಬೇಕು, ಆ 8 ಗಂಟೆ ಎಣಿಸೋದು ಸುಟ್ಟ ಗಳಿಗೆಯಿಂದ. ಜಗಳೂರಿನ ಆಚೆ ಹಳ್ಳಿಯಿಂದಲೋ ಹೊಸದುರ್ಗದ ಕಡೆಯಿಂದಲೋ ಗಾಡಿ ಹುಡುಕಿ ಹೊರಡೋದ್ರಲ್ಲೇ ಮೂರು ಗಂಟೆ ಹೋದ್ರೆ ಉಳಿಯೋದು ಐದು. ಹತ್ತಿರದ ತಾಲೂಕು ಆಸ್ಪತ್ರೆಲೇ ಡ್ರಿಪ್ ಹಾಕಿಸ್ಕೊಂಡು ಮುಂದೆ ದಾವಣಗೆರೆಗೋ ಚಿತ್ರದುರ್ಗಕ್ಕೋ ಹೋಗಿ ಅಂತ ಹೇಳೋದು ಇದಕ್ಕೇ.

ಈಗ ಕಲೆ ವಿಷಯ. ಗಾಯ ಆದ ಕೂಡ್ಲೇ ದೇಹಕ್ಕಿರೋ ಅವಸರ ಒಂದೇ, ತೂತು ಮುಚ್ಬೇಕು, ಇಲ್ಲಾಂದ್ರೆ ಸೋಂಕು ಒಳಗೆ ಬರತ್ತೆ. ಮೊದಲು ಉರಿಯೂತ, ಕೆಂಪು, ಊತ, ಬಿಳಿ ರಕ್ತಕಣಗಳು ಬಂದು ಸತ್ತಿದ್ದನ್ನೆಲ್ಲ ತಿಂದು ಗುಡಿಸ್ತವೆ. ಆಮೇಲೆ ಫೈಬ್ರೋಬ್ಲಾಸ್ಟ್ ಅನ್ನೋ ಕೋಶಗಳು ಬಂದು ಕೊಲ್ಯಾಜನ್ ಅನ್ನೋ ನಾರು ಸುರಿಯೋಕೆ ಶುರು ಮಾಡತ್ವೆ. ಅವುಗಳಲ್ಲಿ ಕೆಲವು ಮಾಂಸಖಂಡದ ಗುಣ ಪಡ್ಕೊಂಡು ಗಾಯದ ಅಂಚುಗಳನ್ನ ಒಳಕ್ಕೆ ಎಳೀತವೆ, 1971ರಲ್ಲಿ ಜೂಲಿಯೋ ಗಬ್ಬಿಯಾನಿ ಇವನ್ನ ಗುರುತಿಸಿದ್ರು, ಮೈಯೋಫೈಬ್ರೋಬ್ಲಾಸ್ಟ್ ಅಂತ ಕರೀತಾರೆ. ಸಣ್ಣ ಗಾಯದಲ್ಲಿ ಈ ಎಳೆತ ಉಪಕಾರ. ಮೊಣಕೈ ಮಡಿಕೆ ಮೇಲೆ, ಕಂಕುಳಲ್ಲಿ, ಕತ್ತಿನ ಮುಂದೆ ದೊಡ್ಡ ಗಾಯ ಆಗಿದ್ರೆ ಇದೇ ಎಳೆತ ಕೀಲನ್ನೇ ಕಟ್ಟಿ ಹಾಕತ್ತೆ.

ನಮ್ಮೂರು ಒಂದು ಕಾಲದಲ್ಲಿ ಕಾಟನ್ ಮಿಲ್ಲಿಗೆ ಹೆಸರಾಗಿತ್ತು, ಅದರಿಂದ ಬಟ್ಟೆ ಲೆಕ್ಕದಲ್ಲಿ ಹೇಳಿದ್ರೆ ಸುಲಭ. ಒಳ್ಳೆ ಚರ್ಮದಲ್ಲಿ ಕೊಲ್ಯಾಜನ್ ಎಳೆಗಳು ಹಾಸು ಹೊಕ್ಕು ಆಗಿ ನೇಯ್ದಿರತ್ವೆ, ಯಾವ ಕಡೆ ಎಳೆದ್ರೂ ಬಾಗತ್ತೆ, ವಾಪಸ್ ಬರತ್ತೆ. ಕಲೆಯಲ್ಲಿ ಹೊಕ್ಕು ಇರಲ್ಲ, ಹಾಸು ಮಾತ್ರ, ಎಲ್ಲಾ ಎಳೆ ಒಂದೇ ದಿಕ್ಕಿಗೆ ಒತ್ತೊತ್ತಾಗಿ. ಅದಕ್ಕೇ ಕಲೆ ಬಿರುಸು, ಹಿಗ್ಗಲ್ಲ. ಮೂರು ವಾರದ ಗಾಯಕ್ಕೆ ಒಳ್ಳೆ ಚರ್ಮದ ಐದರಲ್ಲಿ ಒಂದು ಪಾಲು ಶಕ್ತಿ ಕೂಡ ಬಂದಿರತ್ತೋ ಇಲ್ವೋ, ಎಷ್ಟೇ ಕಾಲ ಆದ್ರೂ ಶೇ 80 ದಾಟಲ್ಲ. ಕೂದಲು, ಬೆವರು ಗ್ರಂಥಿ ವಾಪಸ್ ಬರಲ್ಲ, ಅದಕ್ಕೇ ದೊಡ್ಡ ಕಲೆ ಇರೋರಿಗೆ ನಮ್ಮ ಬಯಲುಸೀಮೆ ಬಿಸಿಲು ಅಷ್ಟು ಕಾಡೋದು, ಆ ಜಾಗ ಬೆವರಲ್ಲ.

ಎಪಿಡರ್ಮಿಸ್ ಮುಚ್ಕೊಂಡ ಕೂಡ್ಲೇ ಕೆಳಗಿನ ಫೈಬ್ರೋಬ್ಲಾಸ್ಟಿಗೆ ಕೆಲಸ ಸಾಕು ಮಾಡು ಅನ್ನೋ ಸಂದೇಶ ಹೋಗತ್ತೆ. ತೆರೆದೇ ಇದ್ರೆ ಉರಿಯೂತ ಮುಂದುವರೀತಾನೇ ಇರತ್ತೆ, ನಾರು ಸುರೀತಾನೇ ಇರತ್ತೆ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 14ರಿಂದ 21 ದಿನದಲ್ಲಿ ಮಾಗಿದ ಜಾಗಗಳಲ್ಲಿ ಮೂರರಲ್ಲಿ ಒಂದಕ್ಕೆ ದಪ್ಪ ಕಲೆ ಬಂತು, 21 ದಿನ ದಾಟಿದ್ದಕ್ಕೆ ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚಿಗೆ. ನಮ್ಮಂತ ಕಂದು ಚರ್ಮದೋರಿಗೆ ದಪ್ಪ ಕಲೆಯ ಅಪಾಯ ಬಿಳಿಯರಿಗಿಂತ ಜಾಸ್ತಿನೇ.

ಅಂದ್ರೆ ಓಟ ಇರೋದು ಗಾಯ ಬೇಗ ಮುಚ್ಚೋದ್ರಲ್ಲಿ. ಈ ಓಟಕ್ಕೆ ದೊಡ್ಡ ತಿರುವು ಕೊಟ್ಟೋರು ಆಗಿನ ಯುಗೊಸ್ಲಾವಿಯಾದ ಮಾರಿಬೊರ್ ಅನ್ನೋ ಊರಿನ ಜೋರಾ ಯಾಂಜೆಕೊವಿಚ್. ಅಲ್ಲಿ ತನಕ ಸತ್ತ ಚರ್ಮ ತಾನಾಗೇ ಕಳಚಿ ಬೀಳೋ ತನಕ ವಾರಗಟ್ಟಲೆ ಕಾಯ್ತಿದ್ರು. ಈಕೆ ಮೊದಲ ಕೆಲವೇ ದಿನದಲ್ಲಿ ಸತ್ತಿದ್ದನ್ನ ತೆಳು ಪದರ ಪದರವಾಗಿ ಕೆತ್ತಿ, ರಕ್ತ ಜಿನುಗೋ ಜೀವಂತ ಪದರ ಸಿಕ್ಕ ಕೂಡ್ಲೇ ರೋಗಿಯ ತೊಡೆಯಿಂದ ತೆಗೆದ ಚರ್ಮ ಹೊದಿಸಿದ್ರು, 1970ರಲ್ಲಿ ಬರೆದು ಜಗತ್ತಿಗೆ ಹೇಳಿದ್ರು. ನನ್ನ ಮಟ್ಟಿಗೆ ಕೇಳಿದ್ರೆ ಸುಟ್ಟ ಗಾಯದ ಚಿಕಿತ್ಸೇಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲ, ಆದ್ರೂ ಆಕೆ ಹೆಸರು ಹೊರಗೆ ಯಾರಿಗೂ ಗೊತ್ತಿಲ್ಲ.

ಆದ್ರೆ ಮೈಯೆಲ್ಲ ಸುಟ್ಟೋರಿಗೆ ಹೊದಿಸೋಕೆ ಚರ್ಮ ಎಲ್ಲಿಂದ ತರೋದು? 1992ರಲ್ಲಿ ಪರ್ತ್ ಆಸ್ಪತ್ರೆಗೆ ಪೆಟ್ರೋಲಿನಿಂದ ಶೇ 90ರಷ್ಟು ಸುಟ್ಟ ಒಬ್ಬ ಸ್ಕೂಲ್ ಮೇಷ್ಟ್ರು ಬಂದಾಗ ಫಿಯೋನಾ ವುಡ್ ಮುಂದೆ ಇದ್ದಿದ್ದು ಇದೇ ಪ್ರಶ್ನೆ. ಅಮೆರಿಕದಲ್ಲಿ ರೈನ್‌ವಾಲ್ಡ್ ಮತ್ತೆ ಹೋವರ್ಡ್ ಗ್ರೀನ್ 1975ರಲ್ಲೇ ಚರ್ಮದ ಕೋಶಗಳನ್ನ ಲ್ಯಾಬಲ್ಲಿ ಬೆಳೆಸೋ ವಿಧಾನ ಕಂಡುಹಿಡಿದಿದ್ರು. ಅದನ್ನ ಹಿಡ್ಕೊಂಡು ವುಡ್ ಮತ್ತೆ ವಿಜ್ಞಾನಿ ಮೇರಿ ಸ್ಟೋನರ್ ರಾತ್ರಿಯೆಲ್ಲ ಲ್ಯಾಬಲ್ಲಿ ಕೂತು ಆ ಮೇಷ್ಟ್ರದೇ ಕೋಶಗಳಿಂದ ಚರ್ಮ ಬೆಳೆಸಿದ್ರು. ಆದ್ರೆ ಹಾಳೆ ತರ ಚರ್ಮ ಬೆಳೆಯೋಕೆ ಆಗ ಮೂರು ವಾರ ಬೇಕಿತ್ತು, ಮೂರು ವಾರ ಅಂದ್ರೆ ಮೇಲೆ ಹೇಳಿದ ಆ 21 ದಿನವೇ. ಚರ್ಮ ರೆಡಿ ಆಗೋ ಹೊತ್ತಿಗೆ ದಪ್ಪ ಕಲೆಗೂ ಎಲ್ಲ ರೆಡಿ ಆಗಿರತ್ತೆ. ಬೆಳೆದ ಹಾಳೆ ತುಂಬಾ ನಾಜೂಕು ಕೂಡ, ಸ್ವಲ್ಪ ಉಜ್ಜಿದ್ರೂ ಕಿತ್ತು ಬರೋದು.

ಅವರಿಗೆ ಹೊಳೆದಿದ್ದು ಇಷ್ಟು: ಹಾಳೆ ಪೂರ್ತಿ ಬೆಳೆಯೋ ತನಕ ಯಾಕೆ ಕಾಯ್ಬೇಕು, ಕೋಶಗಳು ಬಿಡಿ ಬಿಡಿಯಾಗಿ, ಇನ್ನೂ ಚುರುಕಾಗಿ ಹೆಚ್ಚೋ ಹಂತದಲ್ಲೇ ನೀರಿನಂತ ದ್ರಾವಣದಲ್ಲಿ ಬೆರೆಸಿ ಗಾಯದ ಮೇಲೆ ಸ್ಪ್ರೇ ಮಾಡಿದ್ರೆ ಅಲ್ಲೇ ಬೆಳೀತವಲ್ಲ, ಗಾಯಕ್ಕಿಂತ ಒಳ್ಳೆ ಲ್ಯಾಬ್ ಯಾವುದಿದೆ. ಹೀಗೆ 21 ದಿನ 5 ದಿನಕ್ಕೆ ಇಳೀತು. ಅಲ್ಲಿಗೂ ಬಿಡದೆ ಲ್ಯಾಬಿನ ಕೆಲಸವನ್ನೇ ಆಪರೇಷನ್ ಥಿಯೇಟರ್ ಒಳಗೆ ತಂದ್ರು, ಅದೇ ರೀಸೆಲ್ ಅನ್ನೋ ಕಿಟ್. ರೋಗಿಯದೇ ಒಳ್ಳೆ ಚರ್ಮದಿಂದ ಅಂಚೆ ಚೀಟಿಯಷ್ಟು ತೆಳು ತುಂಡು ತೆಗೆದು, ಟ್ರಿಪ್ಸಿನ್ ಅನ್ನೋ ಕಿಣ್ವದಲ್ಲಿ ಬೆಚ್ಚಗೆ ಇಟ್ಟು, ಪದರ ಸಡಿಲಾದ ಮೇಲೆ ಕೋಶಗಳನ್ನ ಕೆರೆದು ಸೋಸಿ ಸಿರಿಂಜಿಗೆ ತುಂಬ್ಕೊಂಡು ಸ್ಪ್ರೇ ಮಾಡೋದು, ಎಲ್ಲ ಸೇರಿ ಅರ್ಧ ಗಂಟೆ ಕೆಲಸ. ಒಂದು ಚದರ ಸೆಂಟಿಮೀಟರ್ ಚರ್ಮದಿಂದ 80 ಚದರ ಸೆಂಟಿಮೀಟರ್ ತನಕ ಮುಚ್ಚಬಹುದು. ಅದರಲ್ಲಿ ಬಣ್ಣದ ಕೋಶಗಳೂ ಬರೋದ್ರಿಂದ ಚರ್ಮದ ಬಣ್ಣ ಸುತ್ತಲಿನ ಬಣ್ಣಕ್ಕೆ ಹತ್ರ ಬರತ್ತೆ, ಬಿಳಿ ಮಚ್ಚೆ ಉಳಿದ್ರೆ ತೊನ್ನು ಅಂತ ಜನ ದೂರ ಮಾಡೋ ನಮ್ಮಂತ ಕಡೆ ಇದು ಸಣ್ಣ ವಿಷಯ ಅಲ್ಲ. ನಿಜವಾದ ತೊನ್ನಿಗೂ ಇದೇ ತತ್ವದ ಚಿಕಿತ್ಸೆ ನಮ್ಮ ದೇಶದಲ್ಲೂ ನಡೀತಿದೆ.

2002ರ ಅಕ್ಟೋಬರ್ 12ರಂದು ಇಂಡೋನೇಷ್ಯಾದ ಬಾಲಿಲಿ ಬಾಂಬ್ ಸಿಡಿದು 202 ಜನ ಸತ್ರು. ಬದುಕಿ ಉಳಿದೋರಲ್ಲಿ 28 ಜನ ಪರ್ತ್ ಆಸ್ಪತ್ರೆಗೆ ಬಂದ್ರು, ಕೆಲವರಿಗೆ ಶೇ 2, ಕೆಲವರಿಗೆ ಶೇ 92ರ ತನಕ ಸುಟ್ಟಿತ್ತು. ವುಡ್ ಮತ್ತೆ ಅವರ ತಂಡ ಅವರಲ್ಲಿ 25 ಜನರನ್ನ ಉಳಿಸಿದ್ರು. ಸ್ಪ್ರೇ ಚರ್ಮದ ವಿಷಯ ಜಗತ್ತಿಗೆಲ್ಲ ಗೊತ್ತಾಗಿದ್ದು ಆಗ, 2005ರಲ್ಲಿ ಆಸ್ಟ್ರೇಲಿಯನ್ ಆಫ್ ದಿ ಇಯರ್ ಗೌರವ ಸಿಕ್ತು. ಔಷಧಿ, ಚಿಕಿತ್ಸೆ ಸಾಧನಗಳನ್ನ ಪರಿಶೀಲಿಸೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಈ ಕಿಟ್ಟಿಗೆ ಒಪ್ಪಿಗೆ ಕೊಟ್ಟಿದ್ದು 2018ರಲ್ಲಿ, ಪೂರಾ ಪರೀಕ್ಷೆ ಮುಗಿಯೋ ಮುಂಚೆನೇ ರೋಗಿಗಳ ಮೇಲೆ ಬಳಸಿದ್ರು ಅನ್ನೋ ಟೀಕೆನೂ ಅವರ ಮೇಲೆ ಬಂದಿತ್ತು. ಸ್ಪ್ರೇ ಮಾಯಾಮಂತ್ರ ಏನಲ್ಲ. ಅದು ಕೊಡೋದು ಮೇಲಿನ ಪದರ ಮಾತ್ರ, ಡರ್ಮಿಸ್ ಪೂರ್ತಿ ಹೋಗಿರೋ ಕಡೆ ಬಲೆ ತರ ಹಿಗ್ಗಿಸಿದ ಚರ್ಮದ ಕಸಿ ಹಾಕಿ ಅದರ ಸಂದಿಗಳಿಗೆ ಸ್ಪ್ರೇ ಮಾಡ್ತಾರೆ. ದುಬಾರಿ ಕೂಡ.

ನಮ್ಮ ಕಡೆಗೆ ಹತ್ತಿರವಾದ ದಾರಿಗಳೂ ಇವೆ, ಅವನ್ನ ಕೀಳಾಗಿ ನೋಡಬಾರದು. ಗಾಯ ಒಣಗಿಸ್ಬೇಕು, ಗಾಳಿ ಆಡ್ಬೇಕು ಅನ್ನೋ ಹಳೇ ನಂಬಿಕೆ ತಪ್ಪು ಅಂತ 1962ರಲ್ಲೇ ಜಾರ್ಜ್ ವಿಂಟರ್ ಹಂದಿಗಳ ಮೇಲೆ ತೋರಿಸಿದ್ರು, ತೇವ ಇರೋ ಗಾಯದಲ್ಲಿ ಕೋಶಗಳು ಬೇಗ ಹರಡತ್ವೆ. ತೇವ ಇರ್ಬೇಕು, ಡ್ರೆಸಿಂಗ್ ಅಂಟಬಾರದು, ಕಮ್ಮಿ ಖರ್ಚಿಂದಾಗ್ಬೇಕು ಅಂತ ಮುಂಬೈ ಡಾಕ್ಟರುಗಳು 1980ರ ದಶಕದಲ್ಲಿ ಬೇಯಿಸಿದ ಆಲೂಗಡ್ಡೆ ಸಿಪ್ಪೆ, ಆಮೇಲೆ ಶುದ್ಧ ಮಾಡಿದ ಬಾಳೆ ಎಲೆ ಬಳಸಿ ಫಲಿತಾಂಶ ಪ್ರಕಟಿಸಿದ್ದಾರೆ. ಬಾಳೆ ಎಲೆ ನುಣುಪು, ಬಿಚ್ಚುವಾಗ ನೋಯಲ್ಲ. ಇದು ಆಸ್ಪತ್ರೆಲಿ ಕ್ರಿಮಿಶುದ್ಧ ಮಾಡಿ ಹಾಕೋದು ಮತ್ತೆ, ಹಿತ್ತಲಿಂದ ಕುಯ್ದು ಹಾಕಬೇಡಿ.

ಇನ್ನೊಂದು ಚರ್ಮ ದಾನ. ಸತ್ತ ಆರು ಗಂಟೆ ಒಳಗೆ ತೊಡೆ, ಬೆನ್ನಿನಿಂದ ತೀರಾ ತೆಳು ಪದರ ತೆಗೀತಾರೆ, ದೇಹ ವಿಕಾರ ಆಗಲ್ಲ, ಗ್ಲಿಸರಾಲಲ್ಲಿ 5 ವರ್ಷದ ತನಕ ಇಡಬಹುದು. ಬೇರೆಯವರ ಚರ್ಮ ಕೊನೆಗೆ ಕಳಚಿ ಹೋಗತ್ತೆ ನಿಜ, ಆದ್ರೆ ಆ ಎರಡು ಮೂರು ವಾರ ಗಾಯ ಮುಚ್ಚಿಟ್ಟು ನೋವು, ಸೋಂಕು ತಡೆದು ರೋಗಿಯನ್ನ ಬದುಕಿಸತ್ತೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಲಿ ಚರ್ಮ ಬ್ಯಾಂಕ್ ಇದೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಹಳ್ಳಿ ಹಳ್ಳಿಲಿ ಕಣ್ಣು ದಾನಕ್ಕೆ ಹೆಸರು ಬರೆಸಿದ್ರು, ಚರ್ಮದ ವಿಷಯ ಅಷ್ಟು ಜನರಿಗೆ ಮುಟ್ಟಿಲ್ಲ.

ಇನ್ನು ನನ್ನ ಕೆಲಸದ ಭಾಗ. ಸುಟ್ಟ ರೋಗಿಗೆ ಆರಾಮ ಅನ್ಸೋ ಭಂಗಿಯೇ ಅಂಟ್ಕೊಳ್ಳೋ ಭಂಗಿ. ಕತ್ತು ಸುಟ್ಟೋರಿಗೆ ದಿಂಬು ಬೇಕು ಅನ್ಸತ್ತೆ, ದಿಂಬು ಕೊಟ್ರೆ ಗದ್ದ ಎದೆ ಕಡೆ ಬರತ್ತೆ, ಹಂಗೇ ಮಾಗತ್ತೆ. ಕಂಕುಳು ಸುಟ್ಟೋರು ಕೈನ ಮೈಗೆ ಅವಚಿಕೊಂಡೇ ಇರ್ತಾರೆ. ಅದಕ್ಕೇ ಮೊದಲ ದಿನದಿಂದಾನೇ ಸ್ಪ್ಲಿಂಟ್, ಅಂದ್ರೆ ಕೀಲು ಮಡಚದ ಹಂಗೆ ಹಿಡಿದಿಡೋ ಗಟ್ಟಿ ಪಟ್ಟಿ, ಕೈ ಚಾಚಿ ಇಡೋದು, ಅತ್ತರೂ ವ್ಯಾಯಾಮ ಮಾಡಿಸೋದು. ಮನೆಯೋರು "ಪಾಪ ನೋವಾಗತ್ತೆ, ಬಿಡಿ" ಅಂತಾರೆ, ಆ ಮಾತು ಕೇಳಿದಾಗ ನಂಗೂ ಸಂಕಟ ಆಗತ್ತೆ, ಆದ್ರೂ ಬಿಡಲ್ಲ. ಮಾಗಿದ ಮೇಲೆ ಬಿಗಿ ಬಟ್ಟೆ, ಅಂದ್ರೆ ಪ್ರೆಷರ್ ಗಾರ್ಮೆಂಟ್, ದಿನಕ್ಕೆ ಹೆಚ್ಚುಕಮ್ಮಿ 23 ಗಂಟೆ, ಸಿಲಿಕೋನ್ ಹಾಳೆ, ಎಣ್ಣೆ ಹಚ್ಚಿ ಒತ್ತಿ ಮಸಾಜ್, ಬಿಸಿಲಿಂದ ರಕ್ಷಣೆ. ಏನ್ ಹಚ್ಬೇಕು ಅನ್ನೋ ಪ್ರಶ್ನೆಗೆ ಉತ್ತರ ಇಷ್ಟೇ: ಹಚ್ಚೋ ಕ್ರೀಮಿಗಿಂತ ಒತ್ತೋ ಕೈಗೆ ಬೆಲೆ ಜಾಸ್ತಿ.

ಕಲೆನೇ ಬರದ ಹಾಗೆ ಮಾಡೋಕಾಗತ್ತಾ? ತಾಯಿ ಹೊಟ್ಟೆಲಿರೋ ಶಿಶುವಿಗೆ ಸುಮಾರು 24 ವಾರದ ತನಕ ಗಾಯ ಆದ್ರೆ ಕಲೆ ಇಲ್ಲದೆ ಮಾಗತ್ತೆ. ಇದನ್ನ ಬೆನ್ನು ಹತ್ತಿದ ಮೈಕೆಲ್ ಲಾಂಗೇಕರ್ ಅನ್ನೋ ಸರ್ಜನ್ ತಂಡ ಅಮೆರಿಕದ ಸ್ಟ್ಯಾನ್‌ಫರ್ಡಲ್ಲಿ ಇಲಿಗಳ ಬೆನ್ನಿನ ಚರ್ಮದಲ್ಲಿ ಕಲೆ ಕಟ್ಟೋದು ಒಂದು ನಿರ್ದಿಷ್ಟ ಜಾತಿಯ ಫೈಬ್ರೋಬ್ಲಾಸ್ಟ್ ಅಂತ 2015ರಲ್ಲಿ ತೋರಿಸ್ತು. ಗಾಯದ ಎಳೆತ ಜಾಸ್ತಿ ಆದಾಗ ಆ ಕೋಶಗಳಿಗೆ ಸಂಕೇತ ಹೋಗತ್ತೆ. ಕಣ್ಣಿನ ಕಾಯಿಲೆಗೆ ಬಳಸೋ ವರ್ಟೆಪೊರ್ಫಿನ್ ಅನ್ನೋ ಔಷಧಿಯಿಂದ ಆ ಸಂಕೇತ ತಡೆದ್ರೆ ಇಲಿ ಗಾಯ ಕೂದಲು, ಗ್ರಂಥಿ ಸಮೇತ ಮಾಗಿದ್ದನ್ನ 2021ರಲ್ಲಿ ಪ್ರಕಟಿಸಿದ್ರು. ಇಲಿ ಚರ್ಮ ನಮ್ಮದಕ್ಕಿಂತ ಸಡಿಲ, ಅಲ್ಲಿ ಗೆದ್ದಿದ್ದೆಲ್ಲ ಇಲ್ಲಿ ಗೆಲ್ಲಲ್ಲ. ಇಂಗ್ಲೆಂಡಿನಲ್ಲಿ ತುಂಬಾ ಆಸೆ ಹುಟ್ಟಿಸಿದ್ದ ಜುವಿಸ್ಟಾ ಅನ್ನೋ ಔಷಧಿ 2011ರಲ್ಲಿ ಕೊನೇ ಹಂತದ ಪರೀಕ್ಷೆಲಿ ಬಿದ್ದು ಹೋಯ್ತು. ಆದ್ರೂ ಎಳೆತ ಕಮ್ಮಿ ಮಾಡಿದ್ರೆ ಕಲೆ ಕಮ್ಮಿ ಅನ್ನೋದು ನಾವು ಹಾಸಿಗೆ ಪಕ್ಕ ನಿಂತು ಕಾಣೋದಕ್ಕೂ ಹೊಂದತ್ತೆ.

ವುಡ್ ತಂಡದ ಇತ್ತೀಚಿನ ಕೆಲಸ ಇನ್ನೊಂದು ಎಚ್ಚರಿಕೆ ಹೇಳತ್ತೆ. ಪಶ್ಚಿಮ ಆಸ್ಟ್ರೇಲಿಯಾದ ದಶಕಗಳ ಆಸ್ಪತ್ರೆ ದಾಖಲೆ ಜೋಡಿಸಿ ನೋಡಿದಾಗ, ಸುಟ್ಟ ಗಾಯ ಆಗಿದ್ದೋರು, ಅದೂ ಸಣ್ಣ ಗಾಯದೋರು ಕೂಡ, ವರ್ಷಗಟ್ಟಲೆ ಆದ ಮೇಲೂ ಹೃದಯ, ರಕ್ತನಾಳದ ತೊಂದರೆಗೆ ಬೇರೆಯವರಿಗಿಂತ ಹೆಚ್ಚಾಗಿ ಆಸ್ಪತ್ರೆಗೆ ಸೇರಿದ್ದು ಕಂಡುಬಂತು. ಅದಕ್ಕೇ ಸುಟ್ಟು ವಾಸಿಯಾದೋರು ಬಿಪಿ, ಶುಗರ್ ಚೆಕ್ ಮಾಡಿಸುವಾಗ ಆ ಹಳೇ ವಿಷಯ ಡಾಕ್ಟರಿಗೆ ಹೇಳಿ.

ಕಲೆ ಕೆಂಪಗಿದ್ದು ತುರಿಸ್ತಿದ್ರೆ ಅದಿನ್ನೂ ಬೆಳೀತಿದೆ, ಸುಮಾರು ಒಂದರಿಂದ ಎರಡು ವರ್ಷ ಈ ಹಂತ ಇರತ್ತೆ, ಬಿಗಿ ಬಟ್ಟೆ ಮತ್ತೆ ಮಸಾಜ್ ಕೆಲಸ ಮಾಡೋದು ಆಗಲೇ. ಅದು ದಾಟಿ ಹೋಗಿದ್ರೂ, ಬೆರಳು ಅಂಟಿ, ಕತ್ತು ಎಳ್ಕೊಂಡು ಹತ್ತು ವರ್ಷ ಆಗಿದ್ರೂ ಪ್ಲಾಸ್ಟಿಕ್ ಸರ್ಜನ್ ಹತ್ರ ಒಂದ್ಸಲ ತೋರಿಸಿ. ಝಡ್ ಆಕಾರದಲ್ಲಿ ಕೊಯ್ದು ಎರಡು ತ್ರಿಕೋನ ಅದಲು ಬದಲು ಮಾಡಿದ್ರೆ ಆ ಎಳೆದ ಗೆರೆ ಲೆಕ್ಕದ ಪ್ರಕಾರ ಶೇ 75ರ ತನಕ ಉದ್ದ ಆಗತ್ತೆ, ದೊಡ್ಡದಿದ್ರೆ ಬಿಡಿಸಿ ಚರ್ಮ ಹಾಕ್ತಾರೆ, ಆಮೇಲೆ ಮತ್ತೆ ತಿಂಗಳುಗಟ್ಟಲೆ ಸ್ಪ್ಲಿಂಟು, ವ್ಯಾಯಾಮ ಇದ್ದೇ ಇರತ್ತೆ, ಅದನ್ನ ಬಿಟ್ರೆ ಆಪರೇಷನ್ ಮಾಡಿಸಿದ್ದೂ ದಂಡ.